ಟಾಪ್-ಅಪ್‌ಗೂ ಸೂಪರ್ ಟಾಪ್-ಅಪ್‌ಗೂ ನಡುವೆ 1,30,000 ರೂಪಾಯಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹಿರಿಯ ನಾಗರಿಕರ ಆರೋಗ್ಯ ವಿಮೆಯಲ್ಲಿ ಈಚೆಗೆ ಆಗಿರುವ ಬದಲಾವಣೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಜಿಎಸ್‌ಟಿ ಹೋದದ್ದು, ಹೊಸ ಪಾಲಿಸಿ ಕೊಳ್ಳಲು ಇದ್ದ 65ರ ವಯಸ್ಸಿನ ಮಿತಿ ಹೋದದ್ದು, ಪ್ರೀಮಿಯಂ ಏರಿಕೆಗೆ ಕಡಿವಾಣ ಬಿದ್ದದ್ದು ಎಲ್ಲವೂ ಅದರಲ್ಲಿತ್ತು. ಆದರೆ ದೊಡ್ಡ ಪಾಲಿಸಿ ಕೊಳ್ಳಲು ಆಗದ ನಮ್ಮಂಥವರು, ಇರುವ ಸಣ್ಣ ಪಾಲಿಸಿಯ ಮೇಲೆ ಇನ್ನೊಂದನ್ನು ಹೊದಿಸಿಕೊಳ್ಳುತ್ತೇವಲ್ಲ, ಆ ಟಾಪ್-ಅಪ್ ಪಾಲಿಸಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿದರೆ ನಾಲ್ಕು ಜನಕ್ಕೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಬೇರೆ ಏನನ್ನಾದರೂ ತೆಗೆಯಿರಿ, ಲೆಕ್ಕದ ಭಾಗವನ್ನು ಮಾತ್ರ ಕತ್ತರಿಸಬೇಡಿ.

ನಾನು ತಿಪಟೂರಿನವಳು. ಇಲ್ಲಿಯ ಒಂದು ಖಾಸಗಿ ಪ್ರಾಥಮಿಕ ಶಾಲೆಯಲ್ಲಿ 27 ವರ್ಷ ಗಣಿತ ಹೇಳಿಕೊಟ್ಟೆ. ಅನುದಾನವಿಲ್ಲದ ಶಾಲೆ, ಹಾಗಾಗಿ ಸರ್ಕಾರಿ ಪಿಂಚಣಿ ಇಲ್ಲ. ಪಿಎಫ್ ಪಿಂಚಣಿ ಅಂತ ತಿಂಗಳಿಗೆ 1,640 ರೂಪಾಯಿ ಬರುತ್ತದೆ. ನಮ್ಮ ಯಜಮಾನರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಈಗ ಅವರಿಗೆ 69, ನನಗೆ 66. ಮಗಳು ಮದುವೆಯಾಗಿ ಹಾಸನದಲ್ಲಿದ್ದಾಳೆ. ಮಕ್ಕಳ ಮುಂದೆ ಕೈಚಾಚಬಾರದು ಎಂದು 2012ರಲ್ಲೇ ಇಬ್ಬರಿಗೂ ಸೇರಿಸಿ 3 ಲಕ್ಷದ ಆರೋಗ್ಯ ವಿಮೆ ಮಾಡಿಸಿದೆವು. ಒಂದು ವರ್ಷವೂ ತಪ್ಪಿಸದೆ ಕಟ್ಟಿಕೊಂಡು ಬಂದಿದ್ದೇವೆ.

ಕೊರೊನಾ ಬಂದಾಗ ನಮ್ಮ ಬೀದಿಯಲ್ಲೇ ಎರಡು ಮನೆಯವರು ಆಸ್ಪತ್ರೆ ಬಿಲ್ಲಿಗೆ ಸೈಟು ಮಾರಿದರು. 3 ಲಕ್ಷ ಏನೇನೂ ಸಾಲದು ಎಂದು ಆಗ ಅರ್ಥವಾಯಿತು. ಅದೇ ಪಾಲಿಸಿಯನ್ನು 10 ಲಕ್ಷಕ್ಕೆ ಏರಿಸೋಣ ಅಂದರೆ ಪ್ರೀಮಿಯಂ ಕೇಳಿ ಸುಮ್ಮನಾದೆವು. ಆಗ ವಿಮೆ ಮಾಡಿಸುವ ಹುಡುಗ ಟಾಪ್-ಅಪ್ ವಿಷಯ ಹೇಳಿದ. ಅವನು ನನ್ನ ಹಳೆಯ ವಿದ್ಯಾರ್ಥಿ. ಈಗಲೂ ನನ್ನನ್ನು ಮಿಸ್ ಅಂತಲೇ ಕರೆಯುತ್ತಾನೆ. “ಮೊದಲ 3 ಲಕ್ಷ ನಿಮ್ಮ ಹಳೇ ಪಾಲಿಸಿ ನೋಡಿಕೊಳ್ಳುತ್ತೆ ಮಿಸ್, ಅದರ ಮೇಲಿನ 10 ಲಕ್ಷ ಇದು ನೋಡಿಕೊಳ್ಳುತ್ತೆ, ನೀವೇನೂ ಯೋಚನೆ ಮಾಡಬೇಡಿ” ಅಂದ. ವರ್ಷಕ್ಕೆ ಇಬ್ಬರಿಗೂ ಸೇರಿ ಒಂಬತ್ತು ಸಾವಿರದ ಚಿಲ್ಲರೆ. 2021ರ ಅಕ್ಟೋಬರಿನಲ್ಲಿ, ಹಳೇ ಪಾಲಿಸಿ ರಿನ್ಯೂವಲ್ ಮಾಡಿಸುವಾಗಲೇ, ಇದನ್ನೂ ತೆಗೆದುಕೊಂಡೆವು. ಆವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು. 13 ಲಕ್ಷದ ರಕ್ಷಣೆ ಇದೆ ಅಂದುಕೊಂಡಿದ್ದೆ.

ಎರಡು ವರ್ಷ ಕಳೆಯಿತು. 2023ರ ಡಿಸೆಂಬರಿನಲ್ಲಿ ಯಜಮಾನರಿಗೆ ನ್ಯುಮೋನಿಯಾ ಆಯಿತು. ಎಂಟು ದಿನ ಆಸ್ಪತ್ರೆ, ಅದರಲ್ಲಿ ಮೂರು ದಿನ ಐಸಿಯು. ಬಿಲ್ಲು 1,72,000. ಗ್ಲೌಸು, ಮಾಸ್ಕು ಅಂತ 12,000 ಕಳೆದು 1,60,000 ರೂಪಾಯಿಯನ್ನು ಹಳೇ ಪಾಲಿಸಿಯವರು ಕೊಟ್ಟರು. ತಕರಾರು ಮಾಡಲಿಲ್ಲ. ಬದುಕಿಕೊಂಡರಲ್ಲ ಎಂದು ದೇವರಿಗೆ ಕೈಮುಗಿದು ಮನೆಗೆ ಬಂದೆವು.

2024ರ ಜುಲೈನಲ್ಲಿ ಒಂದು ರಾತ್ರಿ ಎದೆ ಹಿಂಡಿದ ಹಾಗೆ ಆಗುತ್ತಿದೆ ಅಂದರು. ಮೈಯೆಲ್ಲ ಬೆವರು. ಇಲ್ಲಿ ಇಸಿಜಿ ಮಾಡಿ, ತಡ ಮಾಡಬೇಡಿ ಅಂದರು. ಆಂಬುಲೆನ್ಸಿನಲ್ಲಿ ಸುಮಾರು 70 ಕಿಲೋಮೀಟರು ದೂರದ ತುಮಕೂರಿಗೆ ಹೋದೆವು. ಗುಬ್ಬಿ ದಾಟುವಾಗ ಅವರು ನನ್ನ ಕೈ ಹಿಡಿದು, “ಆ ಇನ್ನೊಂದು ಪಾಲಿಸಿ ಇದೆಯಲ್ಲ, ದುಡ್ಡಿಗೆ ತೊಂದರೆ ಇಲ್ಲ ಅಲ್ವಾ” ಅಂದರು. ಇದೆ, ನೀವು ಸುಮ್ನೆ ಮಲಗಿ ಅಂದೆ. ಅಂಥ ಹೊತ್ತಿನಲ್ಲೂ ಅವರ ಬಾಯಿಗೆ ಬಂದದ್ದು ಆ ಮಾತು. ಮೂವತ್ತು ವರ್ಷ ಬೇರೆಯವರ ಲೆಕ್ಕ ಬರೆದ ಮನುಷ್ಯ.

ಒಂದು ಸ್ಟೆಂಟ್ ಹಾಕಿದರು. ನಾಲ್ಕನೇ ದಿನ ಡಿಸ್ಚಾರ್ಜ್. ಬಿಲ್ಲು 2,84,000. ಕೊಡಲಾಗದ ಬಾಬತ್ತು ಅಂತ 14,000 ತೆಗೆದರು. ಉಳಿದದ್ದು 2,70,000. ಹಳೇ ಪಾಲಿಸಿಯಲ್ಲಿ, ಅಕ್ಟೋಬರಿನಿಂದ ಅಕ್ಟೋಬರಿನವರೆಗಿನ ಆ ವರ್ಷಕ್ಕೆ, ಉಳಿದಿದ್ದದ್ದು 1,40,000. ಅಷ್ಟನ್ನು ಕೊಟ್ಟರು. ಇನ್ನು 1,30,000 ಬಾಕಿ. ಇದನ್ನು ಟಾಪ್-ಅಪ್‌ನವರು ಕೊಡುತ್ತಾರೆ ಎಂದು ನಾನು ಬಿಲ್ಲಿಂಗ್ ಕೌಂಟರಿನಲ್ಲಿ ಧೈರ್ಯವಾಗಿ ಹೇಳಿದೆ, ಕಾರ್ಡ್ ಕೊಟ್ಟೆ. ಮಧ್ಯಾಹ್ನ ಕಳೆದ ಮೇಲೆ ಕೌಂಟರಿನ ಹುಡುಗಿ ಕರೆದು, “ಅಮ್ಮಾ, ಇದು ಬರಲ್ಲವಂತೆ” ಅಂದಳು.

ಯಾಕೆ ಬರಲ್ಲ ಅನ್ನುವುದೇ ಈ ಪತ್ರದ ವಿಷಯ.

ಮಕ್ಕಳಿಗೆ ಹೇಳಿಕೊಡುತ್ತಿದ್ದ ಹಾಗೆ ಹೇಳುತ್ತೇನೆ. ಟಾಪ್-ಅಪ್ ಪಾಲಿಸಿಗೆ ಒಂದು ಹೊಸಿಲು ಇರುತ್ತದೆ. ಡಿಡಕ್ಟಿಬಲ್ ಅನ್ನುತ್ತಾರೆ. ನಮ್ಮದರಲ್ಲಿ ಅದು 3 ಲಕ್ಷ. ಆಸ್ಪತ್ರೆ ಖರ್ಚು ಈ ಹೊಸಿಲು ದಾಟಿದ ಮೇಲೆ, ಮೇಲಿನದನ್ನು ಟಾಪ್-ಅಪ್ ಕೊಡುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಏನು ಅಂದರೆ, ಸಾದಾ ಟಾಪ್-ಅಪ್ ಪಾಲಿಸಿ ಒಂದೊಂದು ಸಲದ ಬಿಲ್ಲನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಡಿಸೆಂಬರಿನ ಬಿಲ್ಲು 1,60,000, ಅದು 3 ಲಕ್ಷ ದಾಟಲಿಲ್ಲ. ಜುಲೈನ ಬಿಲ್ಲು 2,70,000, ಅದೂ 3 ಲಕ್ಷ ದಾಟಲಿಲ್ಲ. ಎರಡೂ ಹೊಸಿಲಿನ ಹೊರಗೇ ನಿಂತವು. ಹಾಗಾಗಿ ಟಾಪ್-ಅಪ್‌ನಿಂದ ಸಿಕ್ಕಿದ್ದು ಸೊನ್ನೆ.

ಸೂಪರ್ ಟಾಪ್-ಅಪ್ ಅಂತ ಇನ್ನೊಂದು ಇದೆ. ಅದಕ್ಕೂ ಹೊಸಿಲು ಇರುತ್ತದೆ. ಆದರೆ ಅದು ಪಾಲಿಸಿಯ ಒಂದು ವರ್ಷದಲ್ಲಿ ಬಂದ ಎಲ್ಲ ಬಿಲ್ಲುಗಳನ್ನೂ ಕೂಡಿಸುತ್ತದೆ. 1,60,000 ಮತ್ತು 2,70,000 ಕೂಡಿಸಿದರೆ 4,30,000. ಅದರಲ್ಲಿ 3 ಲಕ್ಷ ಕಳೆದರೆ 1,30,000. ನಾನು ಕೌಂಟರಿನಲ್ಲಿ ಕಟ್ಟಬೇಕಾಗಿ ಬಂದದ್ದು ಸರಿಯಾಗಿ ಅದೇ 1,30,000. ಸೂಪರ್ ಟಾಪ್-ಅಪ್ ಇದ್ದಿದ್ದರೆ ಅದು ಪೂರ್ತಿ ಸಿಗುತ್ತಿತ್ತು. ಮೂರನೇ ತರಗತಿಯ ಕೂಡುವ, ಕಳೆಯುವ ಲೆಕ್ಕ. ಎರಡು ಪಾಲಿಸಿಗಳ ಪ್ರೀಮಿಯಂ ವ್ಯತ್ಯಾಸ ನಮ್ಮ ವಯಸ್ಸಿಗೆ ಆಗ ವರ್ಷಕ್ಕೆ 3,000ಕ್ಕಿಂತ ಕಡಿಮೆ ಇತ್ತು ಎಂದು ಆಮೇಲೆ ಗೊತ್ತಾಯಿತು.

ವಯಸ್ಸಾದವರಿಗೆ ಈ ವ್ಯತ್ಯಾಸ ಯಾಕೆ ಇಷ್ಟು ಮುಖ್ಯ ಅಂತ ಯೋಚಿಸಿ. ಹರೆಯದವರು ಆಸ್ಪತ್ರೆಗೆ ಸೇರಿದರೆ ಅಪಘಾತವೋ ಏನೋ ಒಂದೇ ಸಲ ದೊಡ್ಡ ಬಿಲ್ಲು ಆಗಬಹುದು. ನಮ್ಮ ವಯಸ್ಸಿನ ಕಾಯಿಲೆಗಳು ಹಾಗಲ್ಲ. ಒಂದು ಸಲ ಜ್ವರ, ಆಮೇಲೆ ಸಕ್ಕರೆ ಏರಿ ಮೂರು ದಿನ, ಆಮೇಲೆ ಬಿದ್ದು ಸೊಂಟದ ಮೂಳೆ, ಆಮೇಲೆ ಎದೆ. ಒಂದೊಂದೂ ಒಂದೂವರೆ ಲಕ್ಷ, ಎರಡು ಲಕ್ಷ. ಒಟ್ಟು ಮಾಡಿದರೆ ಮನೆ ಮುಳುಗುತ್ತದೆ, ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೊಸಿಲು ದಾಟುವುದಿಲ್ಲ. ಅಂದರೆ ಬಿಡಿ ಬಿಲ್ಲು ನೋಡುವ ಪಾಲಿಸಿ ನಮ್ಮ ವಯಸ್ಸಿನವರಿಗೆ ಹೊಂದುವುದೇ ಅಪರೂಪ. ಆದರೂ ಅದನ್ನು ನಮಗೆ ಮಾರುತ್ತಾರೆ.

ಆವತ್ತು ಮಗಳು ಹಾಸನದಿಂದ 50,000 ಕಳಿಸಿದಳು. ಉಳಿದದ್ದಕ್ಕೆ ನನ್ನ ನಾಲ್ಕು ಬಳೆಗಳನ್ನು ಸಹಕಾರ ಸಂಘದಲ್ಲಿ ಅಡವಿಟ್ಟೆವು. ಎರಡನ್ನು ಬಿಡಿಸಿಕೊಂಡಿದ್ದೇನೆ. ಇನ್ನೆರಡು ಅಲ್ಲೇ ಇವೆ.

ಟಾಪ್-ಅಪ್ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಹದಿನೈದು ದಿನದೊಳಗೆ ಉತ್ತರ ಬಂತು. ಪಾಲಿಸಿಯ ಷರತ್ತಿನ ಪ್ರಕಾರ ಯಾವ ಒಂದು ಕ್ಲೇಮೂ ಡಿಡಕ್ಟಿಬಲ್ ದಾಟಿಲ್ಲ, ಆದ್ದರಿಂದ ಕೊಡಲು ಬರುವುದಿಲ್ಲ ಎಂದು. ಅದಾದ ಮೇಲೆ ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದಿತ್ತು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ದೂರು ಕೊಡಬಹುದು. ಓದುಗರಿಗೆ ಇದು ಗೊತ್ತಿರಲಿ. ನಾನು ಹೋಗಲಿಲ್ಲ. ಪಾಲಿಸಿ ಪುಸ್ತಕವನ್ನು ಮೂರು ದಿನ ಕೂತು ಓದಿದೆ. 19ನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಆ ಮಾತು ಬರೆದಿತ್ತು. ಕಂಪನಿ ಬರೆದ ಮಾತಿಗೆ ತಪ್ಪಿ ನಡೆದಿಲ್ಲ. ಇಲ್ಲದ ತಪ್ಪನ್ನು ಅದರ ಮೇಲೆ ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಟಾಪ್-ಅಪ್ ಮಾಡಿಸಿದ ಆ ಹುಡುಗನನ್ನು ಮನೆಗೆ ಕರೆದು ಲೆಕ್ಕ ಬರೆದು ತೋರಿಸಿದೆ. ತುಂಬ ಹೊತ್ತು ಹಾಳೆ ನೋಡುತ್ತಾ ಕೂತಿದ್ದ. “ನಮಗೂ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ ಮಿಸ್” ಅಂದ. ಅವನ ಮಾತು ನಿಜ ಎಂದೇ ನಾನು ನಂಬುತ್ತೇನೆ. ಅವನು ಮೋಸಗಾರನಲ್ಲ. ಅವನಿಗೆ ಕೊಟ್ಟ ತರಬೇತಿಯಲ್ಲಿ ಮಾರುವುದು ಹೇಗೆ ಎಂದು ಇತ್ತು. ಈ ಲೆಕ್ಕ ಇರಲಿಲ್ಲ.

ಈಗ ಬದಲಾವಣೆಗಳ ವಿಷಯಕ್ಕೆ ಬರುತ್ತೇನೆ. ನಿಜವಾಗಿಯೂ ಒಳ್ಳೆಯದಾಗಿದೆ, ಇಲ್ಲ ಎನ್ನುವುದಿಲ್ಲ. 2024ರ ಏಪ್ರಿಲ್‌ನಿಂದ ಹೊಸ ಪಾಲಿಸಿ ಕೊಳ್ಳಲು 65 ವರ್ಷ ಎಂಬ ಗೆರೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಅಳಿಸಿತು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಐದು ವರ್ಷ ಬಿಡದೆ ಕಟ್ಟಿದ ಪಾಲಿಸಿಯಲ್ಲಿ, ನೀವು ಆಗ ಇದನ್ನು ಹೇಳಿರಲಿಲ್ಲ ಅಂತ ಹಳೆಯದನ್ನು ಕೆದಕಿ ಕ್ಲೇಮು ನಿರಾಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. ಮೊದಲು ಇದು ಎಂಟು ವರ್ಷ ಇತ್ತು.

ಪ್ರೀಮಿಯಂ ಬಗ್ಗೆ ನನ್ನ ಮನೆಯ ಲೆಕ್ಕವನ್ನೇ ಕೊಡುತ್ತೇನೆ. ಹಳೇ ಪಾಲಿಸಿಗೆ 2023ರಲ್ಲಿ 25,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 4,500. ಒಟ್ಟು 29,500. 2024ರಲ್ಲಿ ಒಂದೇ ಏಟಿಗೆ 32,000 ಮಾಡಿದರು. ಜಿಎಸ್‌ಟಿ 5,760 ಸೇರಿ 37,760. ನೂರಕ್ಕೆ 28ರ ಏರಿಕೆ. ನನ್ನ ಪಿಂಚಣಿ ಇಡೀ ವರ್ಷ ಕೂಡಿಟ್ಟರೂ 20,000 ಆಗುವುದಿಲ್ಲ. ಆಮೇಲೆ 2025ರ ಜನವರಿ 30ರಂದು ಐಆರ್‌ಡಿಎಐ ಒಂದು ಆದೇಶ ಹೊರಡಿಸಿತು. 60 ತುಂಬಿದವರ ಪ್ರೀಮಿಯಂ ಅನ್ನು ಪ್ರಾಧಿಕಾರದ ಜೊತೆ ಸಮಾಲೋಚನೆ ಮಾಡದೆ ವರ್ಷಕ್ಕೆ ನೂರಕ್ಕೆ 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ ಎಂದು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿ ಪೂರ್ತಿ ಹೋಯಿತು. ನಮ್ಮ ರಿನ್ಯೂವಲ್ ಅಕ್ಟೋಬರಿನಲ್ಲಿ. ಈ ಸಲ ಕಟ್ಟಿದ್ದು 35,200. ಹೋದ ವರ್ಷಕ್ಕಿಂತ 2,560 ಕಡಿಮೆ. ಆ ದಿನ ನನಗಾದ ಸಮಾಧಾನವನ್ನು ಇಲ್ಲಿ ಹೇಳಲೇಬೇಕು. ಇದನ್ನು ಮಾಡಿದವರಿಗೆ ಕೃತಜ್ಞತೆ ಹೇಳುತ್ತೇನೆ.

ಆದರೆ 32,000 ಹೇಗೆ 35,200 ಆಯಿತು ನೋಡಿ. ಸರಿಯಾಗಿ ನೂರಕ್ಕೆ 10. ಗರಿಷ್ಠ 10 ಎಂದು ಹೇಳಿದ್ದನ್ನು ಪ್ರತಿವರ್ಷ 10 ಎಂದು ಹಿಡಿದುಕೊಂಡರೆ ಎಂಟು ವರ್ಷಕ್ಕೆ ನಮ್ಮ ಪ್ರೀಮಿಯಂ 75,000 ದಾಟುತ್ತದೆ. ಆಗ ಯಜಮಾನರಿಗೆ 77. ತೆರಿಗೆ ಒಂದು ಸಲ ಮಾತ್ರ ಹೋಗುತ್ತದೆ, ಏರಿಕೆ ವರ್ಷ ವರ್ಷ ಬರುತ್ತದೆ. ಇದನ್ನು ತಡೆದುಕೊಳ್ಳಲಾಗದೆ ಎಷ್ಟೋ ಹಿರಿಯರು ದೊಡ್ಡ ಪಾಲಿಸಿ ಬಿಟ್ಟು ಸಣ್ಣದಕ್ಕೆ ಇಳಿದು, ಮೇಲೆ ಟಾಪ್-ಅಪ್ ಹಾಕಿಕೊಳ್ಳುತ್ತಾರೆ. ಅದು ಬುದ್ಧಿವಂತಿಕೆಯ ದಾರಿಯೇ. ಹಾಗಾಗಿಯೇ ಆ ಟಾಪ್-ಅಪ್ ಎಂಥದ್ದು ಎನ್ನುವುದು ನಮಗೆ ಜೀವನ್ಮರಣದ ಪ್ರಶ್ನೆ.

2024ರ ಅಕ್ಟೋಬರಿನಲ್ಲಿ ನಮ್ಮಿಬ್ಬರ ಟಾಪ್-ಅಪ್ ಅನ್ನು ಸೂಪರ್ ಟಾಪ್-ಅಪ್‌ಗೆ ಬದಲಾಯಿಸಿ ಕೊಡಿ ಎಂದು ಅದೇ ಕಂಪನಿಯನ್ನು ಕೇಳಿದೆ. ರಕ್ತ, ಇಸಿಜಿ ಎಲ್ಲ ಪರೀಕ್ಷೆ ಮಾಡಿಸಿದರು. ನನಗೆ ಕೊಟ್ಟರು. ಯಜಮಾನರಿಗೆ ಕೊಡಲಿಲ್ಲ. ಸ್ಟೆಂಟ್ ಇದೆಯಲ್ಲ. 65ರ ಗೆರೆ ಅಳಿಸಿದ್ದಾರೆ, ನಿಜ. ಆದರೆ ಆರೋಗ್ಯ ನೋಡಿ ಬೇಡ ಅನ್ನುವ ಅಧಿಕಾರ ಕಂಪನಿಗೆ ಹಾಗೇ ಇದೆ. ಬೇಡ ಅಂದದ್ದನ್ನೂ ಮೊದಲು ಫೋನಿನಲ್ಲೇ ಹೇಳಿದರು. ಬರಹದಲ್ಲಿ ಕೊಡಿ ಎಂದು ಎರಡು ಸಲ ಕೇಳಿದ ಮೇಲೆ ಒಂದು ಸಾಲಿನ ಇ-ಮೇಲ್ ಬಂತು. ಈಗ ನಮ್ಮ ಮನೆಯಲ್ಲಿ ಗಟ್ಟಿಯಾಗಿರುವ ನನಗೆ ಸೂಪರ್ ಟಾಪ್-ಅಪ್ ಇದೆ, ನಿಜವಾಗಿ ಬೇಕಾಗಿರುವ ಅವರಿಗೆ ಹಳೆಯ ಸಾದಾ ಟಾಪ್-ಅಪ್ಪೇ ಉಳಿದಿದೆ. ಅದನ್ನೂ ಬಿಡಲು ಭಯ, ಹಾಗಾಗಿ ಕಟ್ಟುತ್ತಿದ್ದೇವೆ. 2021ರಲ್ಲಿ ಅವರ ಎದೆ ಚೆನ್ನಾಗಿದ್ದಾಗ ಯಾರಾದರೂ ಆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ರಾತ್ರಿ ಎಚ್ಚರವಾದಾಗ ನನಗೆ ಇದೇ ಕೊರೆಯುತ್ತದೆ.

ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು 70 ತುಂಬಿದವರಿಗೆ ಆಯುಷ್ಮಾನ್ ವಯ ವಂದನಾ ಕಾರ್ಡ್ ಆರಂಭಿಸಿತು. ಆದಾಯ ನೋಡುವುದಿಲ್ಲ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಆಸ್ಪತ್ರೆ ಚಿಕಿತ್ಸೆ. ಖಾಸಗಿ ಪಾಲಿಸಿ ಇದ್ದವರೂ ಸೇರಬಹುದು. ಮೊದಲೇ ಆಯುಷ್ಮಾನ್ ಯೋಜನೆಯಲ್ಲಿರುವ ಮನೆಗಳಲ್ಲಿ 70 ತುಂಬಿದವರಿಗೆ ಅಂತಲೇ ಬೇರೆ 5 ಲಕ್ಷ. ಅದನ್ನೂ ಟಾಪ್-ಅಪ್ ಎಂದೇ ಕರೆಯುತ್ತಾರೆ. ಆದರೆ ಅಲ್ಲಿ ವರ್ಷದ ಲೆಕ್ಕ, ಹೊಸಿಲು ಗಿಸಿಲು ಇಲ್ಲ. ಯಾರಿಗೆ ಬೇಕಾದರೂ ಅರ್ಥವಾಗುತ್ತದೆ. ಯಜಮಾನರಿಗೆ ಬರುವ ವರ್ಷ 70 ತುಂಬುತ್ತದೆ. ನಾವು ಅದಕ್ಕಾಗಿ ಕಾಯುತ್ತಿದ್ದೇವೆ. ಇದರ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬ ಕೇಂದ್ರ-ರಾಜ್ಯಗಳ ಮಾತುಕತೆ ನಮ್ಮ ರಾಜ್ಯದ ಮುದುಕರನ್ನು ಕಾಯಿಸದಿರಲಿ.

ಈಗ ನನ್ನ ಕೋರಿಕೆ. ವಿಮೆಯ ಜೊತೆಗೆ ಗ್ರಾಹಕ ಮಾಹಿತಿ ಹಾಳೆ ಅಂತ ಒಂದು ಕೊಡುತ್ತಾರೆ. 2024ರ ಜನವರಿ 1ರಿಂದ ಐಆರ್‌ಡಿಎಐ ಇದರ ಹೊಸ ನಮೂನೆ ಜಾರಿಗೆ ತಂದಿದೆ. ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಡಿಡಕ್ಟಿಬಲ್ ಎಷ್ಟು, ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಾವೇ ಕೊಡಬೇಕಾದ ಪಾಲು ಎಷ್ಟು, ದೂರು ಯಾರಿಗೆ ಕೊಡಬೇಕು ಎಲ್ಲ ಸರಳ ಮಾತಿನಲ್ಲಿ ಅದರಲ್ಲಿ ಇರಬೇಕು. ಪಾಲಿಸಿದಾರರು ಬಯಸಿದರೆ ಅವರ ಭಾಷೆಯಲ್ಲೇ ಕೊಡಬೇಕು ಎಂದೂ ಇದೆ. ಈ ಸಂಗತಿ ಎಷ್ಟು ಜನಕ್ಕೆ ಗೊತ್ತು? ನನಗೆ ಗೊತ್ತಾದದ್ದೇ ದುಡ್ಡು ಹೋದ ಮೇಲೆ.

ಕನ್ನಡದಲ್ಲಿ ಕೊಡಿ ಎಂದು ಕೇಳಿದೆ. ಫೋನೆತ್ತಿದ ಹುಡುಗಿಗೆ ಅಂಥದ್ದು ಇದೆ ಎಂದೇ ಗೊತ್ತಿರಲಿಲ್ಲ. ಪಾಪ, ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದಳು. ಮೂರು ಇ-ಮೇಲ್ ಬರೆದೆ. ನಲವತ್ತು ದಿನದ ಮೇಲೆ ಒಂದು ಹಾಳೆ ಬಂತು. ಅಕ್ಷರ ಕನ್ನಡ, ಆದರೆ ಮಾತು ಕನ್ನಡವಲ್ಲ. ಡಿಡಕ್ಟಿಬಲ್ ಎಂಬುದಕ್ಕೆ “ಕಡಿತಗೊಳಿಸಬಹುದಾದ” ಎಂದಿತ್ತು. ಏನನ್ನು ಕಡಿತಗೊಳಿಸಬಹುದು? ಯಾರು? ಯಾವಾಗ? 27 ವರ್ಷ ಪಾಠ ಹೇಳಿದ ನನಗೇ ಇಂಗ್ಲಿಷ್ ಹಾಳೆ ಪಕ್ಕದಲ್ಲಿಟ್ಟುಕೊಂಡರೆ ಮಾತ್ರ ಅದು ಅರ್ಥವಾಯಿತು. ನಮ್ಮ ಬೀದಿಯ ತೆಂಗಿನಕಾಯಿ ವ್ಯಾಪಾರದ ಅಜ್ಜಿಗೆ ಅರ್ಥವಾಗುವುದು ಹೇಗೆ?

ಈ ಹಾಳೆಯನ್ನು ಕೇಳಿದವರಿಗೆ ಮಾತ್ರವಲ್ಲ, 60 ದಾಟಿದ ಪ್ರತಿಯೊಬ್ಬರಿಗೂ ಕೇಳದೆಯೇ ಅವರ ಭಾಷೆಯಲ್ಲಿ ಕೊಡಬೇಕು. ರಿನ್ಯೂವಲ್‌ನಲ್ಲೂ ಕೊಡಬೇಕು. ದುಡ್ಡು ಕಟ್ಟುವ ಮೊದಲೇ ಕೊಡಬೇಕು, ಪಾಲಿಸಿ ಬಂದ ಮೇಲೆ ಅಲ್ಲ. ಅದರಲ್ಲಿ ರೂಪಾಯಿಯಲ್ಲಿ ಒಂದು ಉದಾಹರಣೆ ಲೆಕ್ಕ ಇರಬೇಕು, ಅದೂ ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿದ ಲೆಕ್ಕ. ಸಾದಾ ಟಾಪ್-ಅಪ್ ಹಾಳೆಯ ಮೇಲ್ಗಡೆ ದಪ್ಪಕ್ಷರದಲ್ಲಿ ಈ ಮೂರು ಸಾಲು ಇದ್ದರೆ ಸಾಕು:

“ಈ ಪಾಲಿಸಿ ಒಂದೊಂದು ಸಲದ ಆಸ್ಪತ್ರೆ ಬಿಲ್ಲನ್ನು ಬೇರೆ ಬೇರೆಯಾಗಿ ನೋಡುತ್ತದೆ. ಒಂದೇ ಬಿಲ್ಲು 3 ಲಕ್ಷ ದಾಟಿದರೆ ಮಾತ್ರ, ದಾಟಿದಷ್ಟು ಹಣ ಕೊಡುತ್ತದೆ. ಒಂದೇ ವರ್ಷದಲ್ಲಿ ಎರಡೆರಡು ಲಕ್ಷದ ನಾಲ್ಕು ಬಿಲ್ಲು ಬಂದರೂ ಏನೂ ಕೊಡುವುದಿಲ್ಲ.”

ಇದನ್ನು ಓದಿ ಸಹಿ ಹಾಕು ಎಂದಿದ್ದರೆ 2021ರಲ್ಲಿ ನಾನು ಹಾಕುತ್ತಿರಲಿಲ್ಲ. ನೀವೂ ಹಾಕುತ್ತಿರಲಿಲ್ಲ.

ಇನ್ನೊಂದು ಮಾತು. 2020ರಲ್ಲಿ ಆರೋಗ್ಯ ಸಂಜೀವನಿ ಎಂಬ ಪಾಲಿಸಿ ಬಂತು. ಯಾವ ಕಂಪನಿಯಲ್ಲಿ ಕೊಂಡರೂ ಷರತ್ತುಗಳು ಒಂದೇ. ಪ್ರೀಮಿಯಂ ಮಾತ್ರ ಬೇರೆ ಬೇರೆ. ಆ ಮಾದರಿಯಲ್ಲೇ ಹಿರಿಯರಿಗಾಗಿ ಒಂದು ಸೂಪರ್ ಟಾಪ್-ಅಪ್ ಯಾಕೆ ಇರಬಾರದು? ಎಲ್ಲ ಕಂಪನಿಗಳಲ್ಲೂ ಒಂದೇ ಹೆಸರು, ಒಂದೇ ಷರತ್ತು. ಸಾದಾ ಟಾಪ್-ಅಪ್ ಇಟ್ಟುಕೊಂಡು ವರ್ಷಗಳಿಂದ ಕಟ್ಟುತ್ತಿರುವ ಹಿರಿಯರಿಗೆ, ಸ್ಟೆಂಟ್ ಇದ್ದರೂ ಸಕ್ಕರೆ ಕಾಯಿಲೆ ಇದ್ದರೂ, ಹೆಚ್ಚಿನ ಪ್ರೀಮಿಯಂ ಪಡೆದು ಅದಕ್ಕೆ ಬದಲಾಯಿಸಿಕೊಳ್ಳಲು ಒಂದೇ ಒಂದು ಸಲ ಅವಕಾಶ ಕೊಡಲಿ. ದುಡ್ಡು ಜಾಸ್ತಿ ಆದರೂ ಕಟ್ಟುವವರು ಇದ್ದಾರೆ. ನಾವಂತೂ ಕಟ್ಟುತ್ತೇವೆ.

ಆ ಘಟನೆಯ ಮೇಲೆ ನಮ್ಮ ಬೀದಿಯವರು, ದೇವಸ್ಥಾನದ ಭಜನೆಗೆ ಬರುವವರು ಒಬ್ಬೊಬ್ಬರೇ ತಮ್ಮ ಪಾಲಿಸಿ ತಂದು ನನ್ನ ಮುಂದೆ ಇಟ್ಟರು. ಇದುವರೆಗೆ 11 ಪಾಲಿಸಿ ಓದಿದ್ದೇನೆ. ಅದರಲ್ಲಿ ಐದು ಟಾಪ್-ಅಪ್. ಆ ಐದರಲ್ಲಿ ನಾಲ್ಕು ಸಾದಾ ಟಾಪ್-ಅಪ್. ನಾಲ್ಕು ಮನೆಯವರಿಗೂ ಅದು ಗೊತ್ತಿರಲಿಲ್ಲ. ಇಬ್ಬರಿಗೆ ಇನ್ನೂ ಆರೋಗ್ಯ ಚೆನ್ನಾಗಿತ್ತು, ರಿನ್ಯೂವಲ್ ಹೊತ್ತಿಗೆ ಬದಲಾಯಿಸಿಕೊಂಡರು. ಒಬ್ಬರಿಗೆ ಸಿಗಲಿಲ್ಲ. ಇನ್ನೊಬ್ಬರು, ಆಗಲಿ ಬಿಡಿ ಟೀಚರೇ, ನೋಡೋಣ ಅಂದರು.

ಅವುಗಳನ್ನು ಓದುವಾಗ ಕಂಡ ಎರಡು ಸಂಗತಿ ಓದುಗರಿಗೆ ಹೇಳಿಬಿಡುತ್ತೇನೆ. ಹಳೇ ಪಾಲಿಸಿ ಮತ್ತು ಸೂಪರ್ ಟಾಪ್-ಅಪ್ ಎರಡರ ರಿನ್ಯೂವಲ್ ತಾರೀಖು ಒಂದೇ ಇರಲಿ. ಭಜನೆ ಮಂಡಳಿಯ ಒಬ್ಬರದು ಹಳೇ ಪಾಲಿಸಿ ಅಕ್ಟೋಬರಿನಲ್ಲಿ, ಸೂಪರ್ ಟಾಪ್-ಅಪ್ ಫೆಬ್ರವರಿಯಲ್ಲಿ. ಸೂಪರ್ ಟಾಪ್-ಅಪ್ ತನ್ನ ವರ್ಷದ ಬಿಲ್ಲುಗಳನ್ನು ಮಾತ್ರ ಕೂಡಿಸುತ್ತದೆ. ಜನವರಿಯ ಬಿಲ್ಲು ಒಂದು ವರ್ಷಕ್ಕೆ, ಮಾರ್ಚಿನ ಬಿಲ್ಲು ಇನ್ನೊಂದು ವರ್ಷಕ್ಕೆ ಬಿದ್ದರೆ ಮತ್ತೆ ಹೊಸಿಲ ಹೊರಗೇ ನಿಲ್ಲಬೇಕಾಗುತ್ತದೆ. ಎರಡನೆಯದು, ಆಸ್ಪತ್ರೆ ಸೇರಿದ ಕೂಡಲೇ ಎರಡೂ ಕಂಪನಿಗೆ ತಿಳಿಸಿ, ಬಿಲ್ಲು ಸಣ್ಣದಿದ್ದರೂ ತಿಳಿಸಿ. ಮೊದಲ ಕಂಪನಿ ಎಷ್ಟು ಕೊಟ್ಟಿತು ಎಂಬ ಪತ್ರ, ಬಿಲ್ಲುಗಳ ಪ್ರತಿ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆರು ತಿಂಗಳ ಮೇಲೆ ಎರಡನೇ ಬಿಲ್ಲು ಬಂದಾಗ ಮೊದಲನೆಯದರ ಕಾಗದ ಕೇಳುತ್ತಾರೆ. ಹೊಸ ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಓದಿ ನೋಡಿ ಬೇಡ ಅನ್ನಿಸಿದರೆ ವಾಪಸು ಕೊಡಬಹುದು. ಆ 30 ದಿನ ಅದನ್ನು ಬೀರುವಿನಲ್ಲಿ ಇಡಬೇಡಿ. ಓದಲು ಬರುವ ಮೊಮ್ಮಕ್ಕಳ ಕೈಗೆ ಕೊಡಿ.

ಮೊನ್ನೆ ಭಾನುವಾರ ಆ ನನ್ನ ವಿದ್ಯಾರ್ಥಿ ಮನೆಗೆ ಬಂದಿದ್ದ. ಯಜಮಾನರ ಆರೋಗ್ಯ ವಿಚಾರಿಸಿದ. ಹೋಗುವಾಗ ಬ್ಯಾಗಿನಿಂದ ಒಂದು ಕಟ್ಟು ಝೆರಾಕ್ಸ್ ಹಾಳೆ ತೆಗೆದು ತೋರಿಸಿದ. ನಾನು ಆವತ್ತು ಅವನಿಗೆ ಬರೆದುಕೊಟ್ಟ ಲೆಕ್ಕ. 1,60,000, ಅದರ ಕೆಳಗೆ 2,70,000, ಕೆಳಗೆ ಗೆರೆ. ನನ್ನದೇ ಕೈಬರಹ. ಟಾಪ್-ಅಪ್ ಕೇಳಿಕೊಂಡು ಬಂದ ಹಿರಿಯರಿಗೆಲ್ಲ ಮೊದಲು ಇದನ್ನು ಕೊಟ್ಟು ಓದಿಸುತ್ತಾನಂತೆ. ತಿಪಟೂರಿನಲ್ಲಿ ಒಬ್ಬ ಹುಡುಗ ತನ್ನ ಕೈಯಿಂದ ದುಡ್ಡು ಹಾಕಿ ಮಾಡುತ್ತಿರುವ ಈ ಕೆಲಸವನ್ನು ಎಲ್ಲ ಕಂಪನಿಗಳೂ ಮಾಡಬೇಕು ಎಂದು ಐಆರ್‌ಡಿಎಐ ಒಂದು ಆದೇಶ ಹೊರಡಿಸಲಿ. ಅವರಿಗೂ ಪತ್ರ ಬರೆದಿದ್ದೇನೆ, ಆ ಹಾಳೆಯ ಪ್ರತಿಯನ್ನೂ ಜೊತೆಗೆ ಇಟ್ಟಿದ್ದೇನೆ. ನೀವು ಪ್ರಕಟಿಸಿದರೆ ಪತ್ರಿಕೆಯ ತುಣುಕನ್ನೂ ಕಳಿಸುತ್ತೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಶಿಕ್ಷಕಿ, ತಿಪಟೂರು